ಹುಲ್ಲು ಹೊರುವ ಚಿಕ್ಕೀರನೂ ಹಾವಿನ ಮದ್ದೂ

"ಸಿಂಗಾರಗಿರಿಯ ಸಮಸ್ತ ಪ್ರಜೆಗಳೂ ತಿಳಿಯಬೇಕಾದದ್ದು ಏನೆಂದರೆ, ನಮ್ಮ ಮಗಳು ರತ್ನಾಜಮ್ಮಣ್ಣಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅರ್ಧ ರಾಜ್ಯ ಕೊಟ್ಟು ಮಗಳನ್ನೂ ಕೊಡುತ್ತೇವೆ. ಒಂದನ್ನು ತಪ್ಪಿದರೂ ಬರುವ ಯುಗಾದಿಯ ದಿನ ತಲೆ ತೆಗೆಸುತ್ತೇವೆ."

ದಸರೆ ಮುಗಿದ ಮಾರನೆಯ ದಿನ ಸಿಂಗಾರಗಿರಿಯ ದೊರೆ ಹೀಗೆ ಡಂಗುರ ಹೊಡೆಸಿದ. ಅರ್ಧ ರಾಜ್ಯ ಎಂದದ್ದು ಎಲ್ಲರ ಕಿವಿಗೂ ಬಿತ್ತು. ತಲೆಯ ಮಾತು ಯಾಕೋ ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ. ವಾರದೊಳಗೆ ಏಳು ಮಂದಿ ಕೋಟೆಯ ಕತ್ತಲೆ ಕೋಣೆ ಸೇರಿದರು.

ಎಂಟನೆಯವನು ಹೊಳೆಸೀಮೆಯ ಯುವರಾಜ. ಅಮ್ಮಣ್ಣಿ ಕೇಳಿದಳು: "ಒಂದು ಹನಿ ಇದೆ. ಒಂದೇ ಸಲಕ್ಕೆ ಮೈಗೆ ಹೊಕ್ಕರೆ ಆಳು ಉಳಿಯುವುದಿಲ್ಲ. ಅದನ್ನೇ ಚೂರುಚೂರು, ದಿನ ಬಿಟ್ಟು ದಿನ ಹೊಗಿಸಿದರೆ ಊರನ್ನೇ ಉಳಿಸುತ್ತದೆ. ಯಾವ ಹನಿ?"

"ಹೆಂಡ," ಎಂದ ಯುವರಾಜ, ಅನುಭವದಿಂದ. ಸಭೆ ನಕ್ಕಿತು. ಅವನನ್ನು ಎಳೆದುಕೊಂಡು ಹೋದರು.

ಒಂಬತ್ತನೆಯವನು ತರ್ಕಪಂಡಿತ. ವಿಷ ಎಂದು ಸರಿಯಾಗಿಯೇ ಹೇಳಿ ಮೀಸೆ ತಿರುವಿದ. ಅಮ್ಮಣ್ಣಿ ಎರಡನೆಯದನ್ನು ಕೇಳಿದಳು: "ಆ ಹನಿಯನ್ನು ಮೈಯಲ್ಲಿ ಅರಗಿಸಿಕೊಂಡವನು ಒಬ್ಬನಿದ್ದಾನೆ. ನಿಂತೇ ನಿದ್ದೆ ಮಾಡುತ್ತಾನೆ. ಮುಖ ಕಾಣದವರಿಗಾಗಿ ನೆತ್ತರು ಕೊಡುತ್ತಾನೆ, ಕೂಲಿ ಮಾತ್ರ ಕೇಳುವುದಿಲ್ಲ."

"ದಂಡಿನ ಸಿಪಾಯಿ."

"ಕೂಲಿ ಕೇಳದ ಸಿಪಾಯಿಯನ್ನು ನೀವು ಎಲ್ಲಿ ಕಂಡಿರಿ?" ಎಂದಳು ಅಮ್ಮಣ್ಣಿ. ಪಂಡಿತನೂ ಒಳಗೆ ಹೋದ.

ಬಾಗಿಲ ಮಗ್ಗುಲಲ್ಲಿ ಹುಲ್ಲಿನ ಹೊರೆ ಇಳಿಸಿ ಇದನ್ನೆಲ್ಲ ಕೇಳುತ್ತ ನಿಂತಿದ್ದವನು ಚಿಕ್ಕೀರ. ಕಗ್ಗಲ್ಲಟ್ಟಿ ಎಂಬ ಬೆಟ್ಟದ ಊರಿನವನು. ಬೆಟ್ಟದ ಹುಲ್ಲು ಕೊಯ್ದು ಅರಮನೆಯ ಲಾಯಕ್ಕೆ ಹೊರುವುದು ಅವನ ಕಸುಬು. ಲಾಯದ ಹಿಂದೆ ಅರಮನೆಯ ವೈದ್ಯ ಶ್ರೀಪತಿಗಳು ಹಾವಿನ ಮದ್ದು ಮಾಡುವುದು ಪರಮ ಗುಟ್ಟು. ದೊರೆಯ ಮನೆಯವರ ಹೊರತು ಮಂತ್ರಿಗಳಿಗೂ ಅತ್ತ ಪ್ರವೇಶವಿಲ್ಲ. ಆದರೆ ಹುಲ್ಲು ಹೊತ್ತು ಬರುವವನನ್ನು ಯಾರು ಮನುಷ್ಯನೆಂದು ಲೆಕ್ಕಕ್ಕೆ ಹಿಡಿಯುತ್ತಾರೆ? ಅವನು ಎಲ್ಲವನ್ನೂ ನೋಡಿದ್ದ.

ನೋಡಿ ಸುಮ್ಮನಿರಬಹುದಿತ್ತು. ಆದರೆ ಹೋದ ವರ್ಷ ಅವನ ಅಕ್ಕ ಕಾಳಿಂಗವ್ವನಿಗೆ ಹುಲ್ಲು ಕೊಯ್ಯುವಾಗ ಹಾವು ಕಚ್ಚಿತ್ತು. ಜೋಡಿ ಎತ್ತು ಮಾರಿ ಅರಮನೆಯ ಮದ್ದು ತಂದಿದ್ದರು. ಮದ್ದು ಮೈಗೆ ಏರಿಸಿದರೂ ಅಕ್ಕ ವಸಡಿನಲ್ಲಿ ರಕ್ತ ಸುರಿಸಿಕೊಂಡು ಎರಡನೆಯ ದಿನ ಸತ್ತಳು. ಆ ಸಂಕಟ ಅವನ ಎದೆಯಲ್ಲಿ ಕುದಿಯುತ್ತಲೇ ಇತ್ತು. ತಲೆಗೆ ಸುತ್ತಿದ್ದ ಸಿಂಬೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಸಭೆಯ ನಡುವೆ ಬಂದ.

"ಮೊದಲ್ನೇದು ಹಾವಿನ ಇಸ, ಅಮ್ಮಣ್ಣಿ. ಎರಡ್ನೇದು ಕುದ್ರೆ. ಇಸಾನ ಇಷ್ಟಿಷ್ಟೇ ಅದರ ಮೈಗೆ ಇಕ್ಕುತಾರೆ. ಕುದ್ರೆ ತಡ್ಕಂತದೆ, ಅದರ ನೆತ್ತರಲ್ಲಿ ಇಸ ಮುರಿಯೋ ಸಕ್ತಿ ಹುಟ್ಟುತದೆ. ಆ ನೆತ್ತರಿನ ತಿಳಿಯೇ ಮದ್ದು."

ಶ್ರೀಪತಿಗಳು ಬಿಳಿಚಿಕೊಂಡರು. ಅಮ್ಮಣ್ಣಿ ಮುಂದಕ್ಕೆ ಬಾಗಿದಳು.

"ಮೂರನೆಯದು. ಅದೇ ಮದ್ದು. ಹೊಳೆದಂಡೆಯವನು ಮೈಗೆ ಏರಿಸಿಕೊಂಡು ಎದ್ದು ಕೂರುತ್ತಾನೆ, ಬೆಟ್ಟದವಳು ಏರಿಸಿಕೊಂಡೂ ಸಾಯುತ್ತಾಳೆ. ಮದ್ದು ಕೆಟ್ಟಿಲ್ಲ, ಹೊತ್ತೂ ಮೀರಿಲ್ಲ. ತಪ್ಪು ಎಲ್ಲಿದೆ?" ಅವಳ ದನಿ ಇಳಿಯಿತು. "ನನ್ನನ್ನು ಸಾಕಿದ ದಾದಿ ಹೀಗೇ ಹೋದಳು. ಉತ್ತರ ನನಗೂ ಗೊತ್ತಿಲ್ಲ."

"ತಪ್ಪು ನಮ್ಮ ಮರ್ವಾದೆಯದು ಅಮ್ಮಣ್ಣಿ," ಎಂದ ಚಿಕ್ಕೀರ. "ಮದ್ದಿಗೆ ಅಂತ ಅರಮನೆಗೆ ಹಾವು ಕಾಣಿಕೆ ತರೋರು ಹೆಡೆ ಬಿಚ್ಚೋ ನಾಗರಾನೇ ತರ್ತಾರೆ. ನಮ್ಮ ಬೆಟ್ಟದ ಗರಗಸ ಮಂಡಲ ಅನ್ನೋ ಹಾವು ಗೇಣುದ್ದ, ನೋಡಾಕೆ ಚೆಂದಿಲ್ಲ. ಅದನ್ನ ತಗಂಡು ದೊರೆಗಳ ಮುಂದೆ ನಿಲ್ಲಾಕೆ ನಾಚ್ಕೆ. ಹಂಗಾಗಿ ಕುದ್ರೆಗೆ ಆ ಇಸದ ಪರಿಚಯಾನೇ ಇಲ್ಲ. ಕಾಣದ ಕಳ್ಳನ್ನ ಕಾವಲಿನೋನು ಹೆಂಗೆ ಹಿಡಿದಾನು? ನಮ್ಮಕ್ಕನ್ನ ಕಚ್ಚಿದ್ದು ಅದೇ."

"ಹುಲ್ಲಿನವನ ತಲೆಯಲ್ಲಿ ಹುಲ್ಲೇ ಇದೆ," ಎಂದರು ಶ್ರೀಪತಿಗಳು. "ವಿಷ ವಿಷವೇ. ಇವನ ಉತ್ತರ ತಪ್ಪು."

"ತಪ್ಪಾದ್ರೆ ಯುಗಾದಿಗೆ ಹೆಂಗೂ ತಲೆ ತೆಗೀತೀರಲ್ಲ," ಎಂದ ಚಿಕ್ಕೀರ. "ಅಲ್ಲೀಗಂಟ ಮಂಡಲದ ಇಸದಲ್ಲಿ ಮದ್ದು ಮಾಡಿ ನೋಡಿ, ಬುದ್ಧಿ."

ದೊರೆ ಒಪ್ಪಿದ. ಚಿಕ್ಕೀರ ಕತ್ತಲೆ ಕೋಣೆ ಸೇರಿದ. ಗೇಣುದ್ದದ ಹಾವುಗಳು ಮೊಟ್ಟಮೊದಲ ಬಾರಿ ಅರಮನೆಗೆ ಬಂದವು. ಎರಡು ಕುದುರೆಗಳಿಗೆ ತಿಂಗಳುಗಟ್ಟಲೆ ಆ ವಿಷವನ್ನು ಚೂರುಚೂರೇ ಕೊಟ್ಟರು. ಮದ್ದು ಸಿದ್ಧವಾದಾಗ ಯುಗಾದಿಗೆ ಹನ್ನೆರಡು ದಿನವಿತ್ತು. ಅಮ್ಮಣ್ಣಿ ತಾನೇ ಅದನ್ನು ಹೊತ್ತು ಬೆಟ್ಟ ಹತ್ತಿದಳು.

ಯುಗಾದಿಯ ಬೆಳಗಾಯಿತು. ಅಮ್ಮಣ್ಣಿಯ ಸುಳಿವಿಲ್ಲ. ಹತ್ತು ಮಂದಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿದರು. ಯುವರಾಜ ಅಳುತ್ತಿದ್ದ. ಚಿಕ್ಕೀರನಿಗೆ ಮಾತ್ರ ಉತ್ತರದ ಬಗ್ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆಗ ಕೋಟೆಯ ಬಾಗಿಲಲ್ಲಿ ಧೂಳೆದ್ದಿತು. ಅಮ್ಮಣ್ಣಿ ಒಬ್ಬಳೇ ಬಂದಿರಲಿಲ್ಲ. ಜೊತೆಗೆ ಬೆಟ್ಟದಲ್ಲಿ ಕುರಿ ಕಾಯುವ ಮಾಳವ್ವ ಎಂಬವಳಿದ್ದಳು. ಕಾಲಿಗೆ ಬಟ್ಟೆ ಸುತ್ತಿತ್ತು.

"ಎಂಟು ದಿನದ ಕೆಳಗೆ ಮಂಡಲ ಕಡೀತು," ಎಂದಳು ಮಾಳವ್ವ. "ಅಮ್ಮಣ್ಣಿ ಮದ್ದು ಕೊಟ್ರು. ಇವತ್ತು ನನ್ನ ಕಾಲಾಗೆ ನಾನೇ ನಡಕಂಡು ಬಂದೀನಿ. ಎಲ್ಲವನೆ ಆ ಹುಡುಗ?"

ಅಲ್ಲಿಯವರೆಗೆ ಗಟ್ಟಿಯಾಗಿ ನಿಂತಿದ್ದ ಚಿಕ್ಕೀರ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ದೊರೆ ಅರ್ಧ ರಾಜ್ಯದ ಮಾತೆತ್ತಿದ. "ರಾಜ್ಯ ಬ್ಯಾಡ ಬುದ್ಧಿ," ಎಂದ ಚಿಕ್ಕೀರ. "ಈ ಒಂಬತ್ತು ಜನಾನ ಬಿಟ್ಬಿಡಿ. ಸೀಮೆಗೊಂದು ಲಾಯ ಕಟ್ಸಿ, ಆಯಾ ಸೀಮೆ ಹಾವಿನ ಇಸದಲ್ಲೇ ಮದ್ದಾಗ್ಲಿ. ಮದ್ದಿಗೆ ಒಂದು ಹೊರೆ ಹುಲ್ಲು ತಗಳಿ, ಹೆಚ್ಚಿಗೆ ಕೇಳ್ಬ್ಯಾಡಿ."

"ಅಮೃತದಂಥ ಮದ್ದಿಗೆ ಹುಲ್ಲೇ?" ಎಂದರು ಶ್ರೀಪತಿಗಳು.

"ಮಾಡೋದು ಕುದ್ರೆ, ಸ್ವಾಮಿ. ಅದು ತಿನ್ನೋದು ಹುಲ್ಲೇ ಅಲ್ವಾ?"

ದೊರೆ ಎಲ್ಲಕ್ಕೂ ಒಪ್ಪಿ ಒಂಬತ್ತು ಮಂದಿಯನ್ನೂ ಬಿಡಿಸಿದ. "ರಾಜ್ಯ ಬೇಡವೆಂದಿರಿ," ಎಂದಳು ಅಮ್ಮಣ್ಣಿ, "ನನ್ನ ವಿಷಯ ಏನೂ ಹೇಳಲಿಲ್ಲ." ಚಿಕ್ಕೀರ ನೆಲ ನೋಡುತ್ತ, ಕಗ್ಗಲ್ಲಟ್ಟಿಯ ಲಾಯ ನೋಡಿಕೊಳ್ಳಲು ಯಾರಾದರೂ ಬೇಕಲ್ಲ ಎಂದ. ಅವಳು ನಕ್ಕಳು. ಮದುವೆ ಬೆಟ್ಟದ ಮೇಲೆಯೇ ಆಯಿತು, ಮೊದಲ ಲಾಯವೂ ಅಲ್ಲೇ ಎದ್ದಿತು.

ಆ ವರ್ಷ ಕಗ್ಗಲ್ಲಟ್ಟಿಯಿಂದ ಹುಲ್ಲು ಕೊಯ್ಯಲು ಹೋದವರಲ್ಲಿ ಐವರಿಗೆ ಹಾವು ಕಚ್ಚಿತು. ಸುಗ್ಗಿ ಮುಗಿದಾಗ ಐವರೂ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದರು.