ಗೆದ್ದಲು ಬಾಗಿಲು ಮುಚ್ಚಿಕೊಂಡ ಕತೆ

ಕಣ್ಣಿದ್ದಾಗ ಒಂದು ಸಲವೂ ಕಾಣಿಸಲಿಲ್ಲ. ಕಣ್ಣು ಹೋದ ಮೇಲೆ ಎತ್ತ ತಿರುಗಿದರೂ ಅದೇ. ಏನು ಹೇಳಿ?

ದೆವ್ವ ಅಂತೀರಾ? ಅಲ್ಲ. ಕನಸು? ಅದೂ ಅಲ್ಲ. ಹೋಗಲಿ ಬಿಡಿ, ತಲೆ ಕೆರೆದುಕೊಂಡು ಇರೋ ನಾಲ್ಕು ಕೂದಲನ್ನೂ ಉದುರಿಸಿಕೊಳ್ಳಬೇಡಿ. ಇದಕ್ಕೆ ಉತ್ತರ ಹೇಳಿದವರು ಇನ್ನೂ ಹುಟ್ಟಿಲ್ಲ. ಕತೆ ಕೇಳಿ.

ಲೋಕ ಆಗಷ್ಟೇ ಹೆಂಚಿನಿಂದ ಇಳಿದ ರೊಟ್ಟಿ ಹಾಗೆ ಬಿಸಿಬಿಸಿ ಇದ್ದ ಕಾಲ. ಆಗ ಗೆದ್ದಲಿಗೆ ಕಣ್ಣಿತ್ತು, ಮಿಣಮಿಣ ಅನ್ನೋ ಕಣ್ಣು. ಮೈಗೆ ಬಣ್ಣವೂ ಇತ್ತು. ಗೋಡೆ ಅಂದರೆ ಏನು ಅಂತ ಗೊತ್ತಿರಲಿಲ್ಲ. ಬಯಲಲ್ಲಿ ಒಂದು ಚಪ್ಪಟೆ ಕಲ್ಲಿನ ನೆರಳು. ಅಲ್ಲೇ ಗೆದ್ದಲೂ ಇರುವೆಯೂ ಒಟ್ಟಿಗೆ ಸಂಸಾರ ಮಾಡಿಕೊಂಡಿದ್ದವು.

ಅಲ್ಲಿ ತೌಡವ್ವ ಅಂತ ಒಂದು ಗೆದ್ದಲು. ಅವಳಿಗೆ ಒಂದೇ ಕೂಸು, ನುಚ್ಚಿ. ಪಕ್ಕದಲ್ಲಿ ಸಾಸಿವಕ್ಕ ಅನ್ನೋ ಇರುವೆ.

ಅವರಲ್ಲಿ ಒಂದು ಪದ್ಧತಿ ಇತ್ತು. ಮಳೆ ಬರೋದು ಇರುವೆಗೆ ಮೊದಲೇ ಗೊತ್ತಾಗುತ್ತೆ. ಗೊತ್ತಾದ ಕೂಡಲೇ ಇರುವೆಗಳು ಕಂಡ ಕಂಡ ಕೂಸನ್ನೆಲ್ಲ ಬಾಯಲ್ಲಿ ಕಚ್ಚಿಕೊಂಡು ದಿಬ್ಬಕ್ಕೆ ಓಡುತ್ತಿದ್ದವು. ತಮ್ಮದು, ಗೆದ್ದಲಿನದು ಅಂತ ಭೇದ ಇಲ್ಲ. ಮಳೆ ನಿಂತ ಮೇಲೆ ವಾಪಸು ತಂದು ಮಲಗಿಸುತ್ತಿದ್ದವು. ಅದಕ್ಕೆ ಬದಲಾಗಿ ಗೆದ್ದಲುಗಳು ಇರುವೆಗಳ ಸಂದಿಗೊಂದಿ ಎಲ್ಲ ಮೆತ್ತಿ ಕೊಡುತ್ತಿದ್ದವು.

"ಅಕ್ಕಾ, ನಮ್ಮ ನುಚ್ಚಿ ಮೂತಿ ತುಂಬ ನಿನ್ನ ಜೊಲ್ಲು!" ಅಂತ ತೌಡವ್ವ ಬೈಯೋಳು.

"ನಿನ್ನ ಮಗಳೇನು ಕಮ್ಮಿನಾ? ದಾರಿಯುದ್ದಕ್ಕೂ ನನ್ನ ಮೀಸೆ ಎಳೀತಾಳೆ. ಮುಂದಿನ ಮಳೆಗೆ ನೀನೇ ಹೊತ್ಕೊಂಡು ಹೋಗೇ," ಅಂತ ಸಾಸಿವಕ್ಕ ಅನ್ನೋಳು. ಇಬ್ಬರೂ ನಗೋರು.

ಅದೇ ಬಯಲಲ್ಲಿ ಸರಸರಪ್ಪ ಅಂತ ಒಂದು ಹಾವು. ಅವನಿಗೆ ಮನೆ ಬೇಕು. ಕಟ್ಟೋಕೆ ಕೈಯಿಲ್ಲ. ಇದ್ದದ್ದು ನಾಲಿಗೆ. ಎರಡಾಗಿ ಸೀಳಿರೋದು ಸಾಲದು ಅಂತ ಅದನ್ನೇ ದಿನಾ ಮಸೆದು ಮಸೆದು ಇಟ್ಟುಕೊಂಡಿದ್ದ.

ಒಂದು ದಿನ ಮೋಡ ಕವಿಯಿತು. ಇರುವೆಗಳು ಕೂಸು ಕಚ್ಚಿಕೊಂಡು ಹೊರಟವು. ಸರಸರಪ್ಪ ಕಲ್ಲು ಹತ್ತಿ ಹೆಡೆ ಬಿಚ್ಚಿದ. ಕೂಗಲಿಲ್ಲ. ಗುಟ್ಟು ಹೇಳೋನ ಹಾಗೆ ದನಿ ತಗ್ಗಿಸಿದ.

"ನನಗ್ಯಾಕಪ್ಪ ಬೇಕು? ನನಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಮಲಗೋಕೆ ಗೇಣು ಜಾಗ ಇಲ್ಲ. ನಿಮ್ಮನ್ನ ನೋಡಿ ಕರುಳು ಚುರುಕ್ ಅಂತದೆ, ಅದಕ್ಕೆ ಕೇಳ್ತೀನಿ. ಆ ಇರುವೆ ಬಾಯಲ್ಲಿ ಏನಿದೆ?"

"ಕೂಸು," ಅಂದವು ಗೆದ್ದಲುಗಳು.

"ಬಾಯಿ ಇರೋದು ಯಾತಕ್ಕೆ?"

ಗೆದ್ದಲುಗಳಲ್ಲೇ ಹಿರಿಯ ಮಣ್ಣಜ್ಜ ಮೆಲ್ಲಗೆ ಅಂದ, "ತಿನ್ನೋಕೆ."

"ನಾನು ಹೇಳಲಿಲ್ಲಪ್ಪ," ಅಂದ ಸರಸರಪ್ಪ. "ಅಜ್ಜ ಹೇಳಿದ್ದು."

ತೌಡವ್ವನಿಗೆ ನಗು ಬಂತು. "ಅಯ್ಯೋ ಸರಸರಪ್ಪನೋರೇ, ಅದು ನಮ್ಮ ಸಾಸಿವಕ್ಕ. ಪ್ರತಿ ಮಳೆಗೂ ಒಯ್ತಾಳೆ, ತಂದು ಕೊಡ್ತಾಳೆ."

"ಕೊಡದೆ ಏನು ತಾಯಿ? ಮೊದಲು ನಂಬಿಸಬೇಕಲ್ಲ! ನಿನ್ನಂಥ ಒಳ್ಳೆಯವರನ್ನ ಕಂಡರೆ ನನಗೆ ಅಳು ಬರ್ತದೆ."

ಎಲ್ಲರೂ ತೌಡವ್ವನನ್ನು ಪಾಪ ಅನ್ನೋ ಹಾಗೆ ನೋಡಿದರು. ಅವಳು ನಗು ನಿಲ್ಲಿಸಿ ದಿಬ್ಬದ ಕಡೆ ತಿರುಗಿದಳು.

ಅಷ್ಟರಲ್ಲಿ ಗಾಳಿ ಬಂತು. "ಏನ್ರೋ ನಿಮ್ಮ ಗಲಾಟೆ? ನಾನೀಗ ದಿಬ್ಬದಿಂದಲೇ ಬಂದೆ. ಕೂಸುಗಳು ಬೆಚ್ಚಗೆ ಮಲಗಿವೆ."

"ಯಾರು, ಗಾಳಿನಾ?" ಸರಸರಪ್ಪ ಹೆಡೆ ಆಡಿಸಿದ. "ಬೆಳಿಗ್ಗೆ ಆ ಕಡೆ, ಸಂಜೆ ಈ ಕಡೆ. ಇವನು ಹೇಳೋದೆಲ್ಲ ಗಾಳಿಮಾತು!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಾಳಿ ಮುಖ ಸಣ್ಣ ಮಾಡಿಕೊಂಡು ಹೊರಟುಹೋಯಿತು.

ಆ ಸಲ ಮಳೆ ಬೇಗ ಬಿಡಲಿಲ್ಲ. ಸುರೀತಾನೇ ಇತ್ತು. ಸರಸರಪ್ಪ ಹನಿ ಹನಿಗೂ ಕೇಳಿದ, "ಬಂತಾ ಕೂಸು?" "ಬರಲಿಲ್ಲ." "ಬಂತಾ ಕೂಸು?" "ಬರಲಿಲ್ಲ." ಹಾಗೆ ಕೇಳ್ತಾ ಕೇಳ್ತಾ ದನಿ ಏರಿಸಿದ.

"ಇವತ್ತು ಕೂಸು, ನಾಳೆ ನೀವು! ಅವರ ಸೊಂಟ ನೋಡಿದೀರಾ, ಎಷ್ಟು ಸಣ್ಣ? ಎಷ್ಟು ತಿಂದರೂ ಹೊಟ್ಟೆ ತುಂಬದವರ ಸೊಂಟ ಅದು. ಸಾಲಾಗಿ ಯಾಕೆ ನಡೀತಾರೆ? ದಂಡು ಕಣ್ರೋ, ದಂಡು!"

ಇರುವೆಗಳು ಹುಟ್ಟಿದಾಗಿನಿಂದಲೂ ಸಾಲಾಗಿಯೇ ನಡೆಯುತ್ತಿದ್ದವು. ಅವತ್ತು ಮಾತ್ರ ಅದು ದಂಡಿನ ಹಾಗೆ ಕಾಣಿಸಿತು.

"ಏನ್ಮಾಡೋದು ಸರಸರಪ್ಪನೋರೇ?"

"ಗೋಡೆ ಕಟ್ಟಿ."

ಕಟ್ಟಿದರು. ಮಣ್ಣಿಗೆ ತಮ್ಮ ಎಂಜಲನ್ನೇ ಕಲಸಿ ಕಟ್ಟಿದರು. "ಇನ್ನೂ ಎತ್ತರ," ಅಂದ ಸರಸರಪ್ಪ. ಇನ್ನೂ ಎತ್ತರ ಕಟ್ಟಿದರು. "ಕಿಟಕಿ ಬೇಡ, ಅವರು ಬರೋದೇ ಕಿಟಕಿಯಿಂದ," ಅಂದ. ಕಿಟಕಿ ಇಡಲಿಲ್ಲ. "ಒಂದು ಕಂಡಿ ಮಾತ್ರ ಬಿಡಿ, ನಾನು ಕಾವಲಿಗೆ ಬರಬೇಕಲ್ಲ," ಅಂದ. ಬಿಟ್ಟರು. ಕಂಡಿ ಅವನ ಮೈಯಳತೆಗೆ ಸರಿಯಾಗಿತ್ತು. ಅವನು ಒಳಗೆ ಬಂದು ಕಂಡಿಗೆ ಅಡ್ಡವಾಗಿ ಸುತ್ತಿಕೊಂಡು ಕೂತ.

ಮಳೆ ನಿಂತಿತು. ಗೋಡೆಯಲ್ಲಿ ಇನ್ನೊಂದೇ ಸಣ್ಣ ತೂತು ಉಳಿದಿತ್ತು. ಅದನ್ನು ಮುಚ್ಚೋಕೆ ತೌಡವ್ವ ಬಾಯಲ್ಲಿ ಮಣ್ಣುಂಡೆ ಹಿಡಿದು ನಿಂತಿದ್ದಳು. ಆಗ ಹೊರಗಿಂದ ದನಿ.

"ತೌಡೀ! ಏ ತೌಡೀ! ಇದೇನೇ ಇದು, ಅಷ್ಟರೊಳಗೆ ಅರಮನೆ ಕಟ್ಟಿಬಿಟ್ರಾ? ಬಾಗಿಲು ಎಲ್ಲೇ? ನುಚ್ಚಿ ಹಸಿದಿದಾಳೆ, ಬಂದು ಎತ್ಕೊಳ್ಳೇ."

ಅದರ ಹಿಂದೆಯೇ ಒಂದು ಚಿಕ್ಕ ದನಿ. "ಅವ್ವಾ."

ತೌಡವ್ವ ತೂತಿನ ಕಡೆ ಬಾಗಿದಳು. ಮಣ್ಣಜ್ಜ ಓಡಿ ಬಂದು ಅಡ್ಡ ನಿಂತ. "ಬೇಡ ಕಣವ್ವ, ಅವಳು ಕಳ್ಳಿ! ಒಬ್ಬಳಿಗೆ ತೆಗೆದರೆ ದಂಡೇ ನುಗ್ಗುತ್ತೆ. ನಮ್ಮೆಲ್ಲರ ಗತಿ ಏನು?"

ಸರಸರಪ್ಪ ಕಂಡಿ ಬಿಡದೆ ಹೆಡೆ ಚಾಚಿ ಮೆಲ್ಲಗೆ ಹೇಳಿದ, "ಕೂಸಿನ ದನಿ ಮಾಡಿ ಕರೆಯೋದು ಅವರ ವಿದ್ಯೆ ತಾಯಿ. ನಿನ್ನ ಕೂಸು ಹೋಯಿತು. ಅತ್ತುಬಿಡು. ಆಮೇಲೆ ಸಿಟ್ಟು ಮಾಡಿಕೋ."

ಅದು ನುಚ್ಚಿ ಅಂತ ತೌಡವ್ವನಿಗೆ ಗೊತ್ತಿತ್ತು. ಹೆತ್ತವಳಿಗೆ ಗೊತ್ತಾಗಲ್ವಾ? ಆದರೆ ಸುತ್ತ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಬಾಯಲ್ಲಿ ಮಣ್ಣಿತ್ತು. ಅಕ್ಕಾ ಅನ್ನಬೇಕಾದರೆ ಅದನ್ನು ಉಗುಳಬೇಕಿತ್ತು.

ಉಗುಳಲಿಲ್ಲ. ತೂತಿಗೆ ಮೆತ್ತಿದಳು.

ಸಾಸಿವಕ್ಕ ದನಿ ಬತ್ತೋ ತನಕ ಕರೆದಳು. ನುಚ್ಚಿಗೆ ಅವ್ವ ಅಗಿದು ಕೊಟ್ಟ ಕಟ್ಟಿಗೆ ಬಿಟ್ಟು ಬೇರೆ ಏನೂ ದಕ್ಕುತ್ತಿರಲಿಲ್ಲ. ಸಾಸಿವಕ್ಕನ ಬಾಯಲ್ಲೇ ಒಣಗಿ ಹೋಯಿತು ಕೂಸು. ಉಳಿದ ಇರುವೆಗಳು ಹೊತ್ತು ತಂದ ಗೆದ್ದಲಿನ ಕೂಸುಗಳ ಗತಿಯೂ ಅದೇ ಆಯಿತು.

"ಕಳ್ಳಿ ಅಂದ್ರಲ್ಲಾ?" ಅಂದಳು ಸಾಸಿವಕ್ಕ ಗೋಡೆಗೆ. "ಆಗಲಿ. ಇನ್ಮೇಲೆ ಕಳ್ಳಿನೇ."

ಅವತ್ತಿನಿಂದ ಇರುವೆಗಳು ನಿಜವಾಗಲೂ ಗೋಡೆ ಕೊರೆದು ನುಗ್ಗಿದವು, ನಿಜವಾಗಲೂ ಗೆದ್ದಲಿನ ಕೂಸುಗಳನ್ನು ಕಚ್ಚಿಕೊಂಡು ಹೋದವು.

"ನೋಡಿದ್ರಾ? ನಾನು ಅವತ್ತೇ ಹೇಳಿರಲಿಲ್ವಾ?" ಅಂದ ಸರಸರಪ್ಪ.

"ಹೌದು ಹೌದು, ಸರಸರಪ್ಪನೋರು ಅವತ್ತೇ ಹೇಳಿದ್ರು," ಅಂದರು ಎಲ್ಲರೂ. ತೌಡವ್ವನೂ ಅಂದಳು. ಎಲ್ಲರಿಗಿಂತ ಜೋರಾಗಿ ಅಂದಳು.

ಕತ್ತಲಲ್ಲಿ ಇದ್ದೂ ಇದ್ದೂ ಗೆದ್ದಲಿಗೆ ಬಣ್ಣ ಹೋಯಿತು, ಆಮೇಲೆ ಕಣ್ಣು ಹೋಯಿತು. ಪಕ್ಕದವರ ಮೈ ತಾಗಿದರೂ "ಇರುವೆ! ಇರುವೆ!" ಅಂತ ಬೆಚ್ಚಿಬೀಳೋದು ಮಾತ್ರ ಹೋಗಲಿಲ್ಲ. ಸರಸರಪ್ಪ ಒಳಗೆ ತಂಪಾಗಿ ಮಲಗಿದ. ಜನ ಬಂದು ಹುತ್ತಕ್ಕೆ ಹಾಲು ಎರೆಯೋದು ಅವನ ಹೆಸರಿಗೇ. ಕಟ್ಟಿದವರಿಗೆ ಸಿಕ್ಕೋದು ಒದ್ದೆ ಗೋಡೆ, ಅದನ್ನ ಮತ್ತೆ ಮೆತ್ತೋ ಕೆಲಸ.

ಆದರೂ ಮೊದಲ ಮಳೆ ಬಿದ್ದ ಸಂಜೆ ತೌಡವ್ವನ ಕುಲದವರಿಗೆ ಹೊರಗಿಂದ "ಅವ್ವಾ" ಅಂತ ಕೇಳಿಸುತ್ತಂತೆ. ಆಗ ಅವರಲ್ಲಿ ಕೆಲವರಿಗೆ ಕಣ್ಣು ಬರುತ್ತೆ, ರೆಕ್ಕೆ ಬರುತ್ತೆ. ಗೋಡೆ ಒಡೆದುಕೊಂಡು ಹೊರಗೆ ಹಾರುತ್ತಾರೆ. ದೀಪ ದೀಪಕ್ಕೂ ಹೋಗಿ ಕೂಸನ್ನು ಹುಡುಕುತ್ತಾರೆ. ಕೆಳಗೆ ಇರುವೆಗಳು ಸಾಲಾಗಿ ಕಾಯುತ್ತಾ ನಿಂತಿರುತ್ತವೆ, ಕೂಸನ್ನು ವಾಪಸು ಕೊಡೋಕೆ ಅಂತ.

ಈ ಕೊನೇದು ನಾನು ಕಟ್ಟಿದ್ದು. ಇರುವೆ ನಿಂತಿರೋದು ತಿನ್ನೋಕೆ. ಮಳೆ ಬಿದ್ದ ಮಾರನೇ ಬೆಳಿಗ್ಗೆ ನಿಮ್ಮ ಮನೆ ದೀಪದ ಕೆಳಗೆ ಬಗ್ಗಿ ನೋಡಿ. ಬರೀ ರೆಕ್ಕೆ ಬಿದ್ದಿರುತ್ತವೆ.