ಹಗ್ಗ ಅಳೆಯುವ ರಾಟೆ

"ಗುರುಗಳೇ, ಯಾರ ಮುಂದೆಯೂ ಕೂತು ಕಲಿಯದೆ ತಾವಾಗಿಯೇ ತಿಳಿದುಕೊಂಡವರ ತಿಳಿವನ್ನು ನಂಬಬಹುದೇ?" ಎಂದು ಶಿಷ್ಯ ಕೇಳಿದ. ತಾನು ಹನ್ನೆರಡು ವರ್ಷ ಕಲಿತವನೆಂಬ ಹೆಮ್ಮೆ ಅವನ ದನಿಯಲ್ಲಿತ್ತು.

ಗುರು ಹೇಳಿದರು:

ಒಬ್ಬ ಹೆಂಗಸು ನಾರಿನ ಹಗ್ಗ ಹೊಸೆದು ಸಂತೆಗೆ ತರುತ್ತಿದ್ದಳು. ಅಲ್ಲಿ ಹಗ್ಗಕ್ಕೆ ಮಾರಿನ ಅಳತೆ. ಎರಡೂ ಕೈ ಚಾಚಿದರೆ ಒಂದು ಮಾರು. ಆಕೆಯ ಕೈ ಗಿಡ್ಡ. ಹಾಗಾಗಿ ಕೊಳ್ಳುವವರು ಆಕೆಯ ಹಗ್ಗವನ್ನು ಪಕ್ಕದ ಅಂಗಡಿಯ ಎತ್ತರದ ವ್ಯಾಪಾರಿಯಿಂದ ಅಳೆಸುತ್ತಿದ್ದರು. ಅವನೂ ಹಗ್ಗದವನೇ. ತನ್ನ ಗಿರಾಕಿಗಳೆಲ್ಲ ಹೋದ ಮೇಲೆ ಮೆಲ್ಲಗೆ ಎದ್ದು ಬರುತ್ತಿದ್ದ. "ಅಕ್ಕಾ, ನಿನ್ನ ಮಾರಿನಲ್ಲಿ ಅಳೆದರೆ ಕೊಡದ ಜೊತೆ ನಾವೂ ಬಾವಿಗೆ ಇಳಿಯಬೇಕಾದೀತು" ಎಂದು ನಗುತ್ತಿದ್ದ.

ಒಂದು ದಿನ ಬೆಳಿಗ್ಗೆ, ಸಂತೆ ನೆರೆಯುವ ಮೊದಲೇ ಆಕೆ, "ಅಣ್ಣಾ, ಇದೊಂದು ಸಲ ಕೈ ಚಾಚು. ಇನ್ನು ಕೇಳುವುದಿಲ್ಲ" ಎಂದಳು. ಅವನ ಮಾರಿನಷ್ಟು ದಾರ ಕತ್ತರಿಸಿಕೊಂಡು ಮನೆಗೆ ಹೋದಳು. ಹಳೆಯ ರಾಟೆಯೊಂದರ ಅಚ್ಚಿಗೆ ಆರು ಪಟ್ಟಿ ಬಡಿದಳು. ಪಟ್ಟಿಗೊಂದು ಗೂಟ ನಿಲ್ಲಿಸಿದಳು. ಗೂಟಗಳನ್ನು ಸುತ್ತಿದರೆ ಆ ದಾರ ಸರಿಯಾಗಿ ಒಂದು ಸುತ್ತು ಬರಬೇಕು. ಬರುವ ತನಕ ಕಿತ್ತು ನೆಟ್ಟಳು. ಇಪ್ಪತ್ತು ಸುತ್ತು ಸುತ್ತಿದರೆ ಇಪ್ಪತ್ತು ಮಾರು.

ಮುಂದಿನ ಸಂತೆಗೆ ರಾಟೆ ಹೊತ್ತು ತಂದು ಅದರಲ್ಲೇ ಅಳೆದು ಮಾರಿದಳು. ಮರುವಾರ, ಹಗ್ಗ ಕೊಂಡಿದ್ದ ರೈತನೊಬ್ಬ ತಿರುಗಿ ಬಂದ. ಹಗ್ಗ ಒಂದು ಮೊಳ ಕಡಿಮೆ ಬಂದಿತ್ತು. ಸಂತೆಯ ಹಿರಿಯರು, "ಇನ್ನೊಮ್ಮೆ ತಪ್ಪಿದರೆ ನಿನ್ನ ಜಾಗ ಬಿಡಬೇಕು" ಎಂದರು. ಆಕೆ ನೆಪ ಹೇಳಲಿಲ್ಲ. ರೈತನಿಗೆ ಬೇರೆ ಹಗ್ಗ ಕೊಟ್ಟು, ರಾಟೆ ಹೊತ್ತುಕೊಂಡು ಹೋದಳು.

ಮನೆಯಲ್ಲಿ ಅದನ್ನು ಪೂರ್ತಿ ಬಿಚ್ಚಿದಳು. ಗೂಟಗಳೆಲ್ಲ ಸರಿಯಾಗಿದ್ದವು. ಮತ್ತೆ ಕೂಡಿಸಿ, ನಾಲ್ಕು ದಿನ ಸುತ್ತುತ್ತ ಬಿಚ್ಚುತ್ತ ಕೂತಳು. ಆಮೇಲೆ ತಿಳಿಯಿತು: ಜಾರದಿರಲೆಂದು ತಾನು ಹಗ್ಗವನ್ನು ಬಿಗಿಯಾಗಿ ಎಳೆದು ಸುತ್ತುತ್ತಿದ್ದಳು. ಎಳೆದಾಗ ಹಿಗ್ಗಿದ ಹಗ್ಗ ರಾಟೆಯಿಂದ ಇಳಿದ ಮೇಲೆ ಕುಗ್ಗುತ್ತಿತ್ತು. ಹಲಗೆಯೊಂದಕ್ಕೆ ತೂತು ಕೊರೆದು, ಹಗ್ಗ ಅದರೊಳಗಿಂದ ಹಾದು ಬರುವಂತೆ ಮಾಡಿದಳು. ಈಗ ಎಳೆತ ಮೊದಲ ಸುತ್ತಿಗೆ ಎಷ್ಟೋ ಕಡೆಯ ಸುತ್ತಿಗೂ ಅಷ್ಟೇ. ಆ ಎಳೆತಕ್ಕೆ ತಕ್ಕಷ್ಟು ಗೂಟಗಳನ್ನು ಹೊರಗೆ ಸರಿಸಿದಳು.

ಮುಂದಿನ ಸಂತೆಯಲ್ಲಿ ಹಿರಿಯರು ಆಕೆಯ ಹಗ್ಗವನ್ನು ನೆಲಕ್ಕೆ ಹಾಸಿ, ಆ ದಾರ ಹಿಡಿದು ಅಳೆದರು. ಇಪ್ಪತ್ತಕ್ಕೆ ಇಪ್ಪತ್ತು.

ವ್ಯಾಪಾರಿಗೆ ತಡೆಯಲಾಗಲಿಲ್ಲ. ಸಂಜೆ ತಾನು ಅಳೆದಿಟ್ಟ ಇಪ್ಪತ್ತು ಮಾರನ್ನು ತಂದು ಅದೇ ರಾಟೆಗೆ ಸುತ್ತಿದ. ಹತ್ತೊಂಬತ್ತಕ್ಕೇ ಹಗ್ಗ ಮುಗಿಯಿತು. ಬೆಳಗಿನಿಂದ ಚಾಚಿದ ಕೈ ಸಂಜೆಗೆ ದಣಿದು ಗಿಡ್ಡವಾಗುತ್ತದೆಂದು ಅವನಿಗೆ ಅಷ್ಟು ವರ್ಷ ಗೊತ್ತೇ ಇರಲಿಲ್ಲ. ಮರುವಾರ ಅವನೇ ಹಗ್ಗದ ಸಿಂಬೆ ಹೆಗಲಿಗೇರಿಸಿಕೊಂಡು ಆಕೆಯ ಅಂಗಡಿಯ ಮುಂದೆ ತನ್ನ ಸರದಿಗೆ ನಿಂತ.

ಕತೆ ಕೇಳಿದ ಶಿಷ್ಯ, "ಆದರೂ ಆಕೆ ಮೊದಲು ತಪ್ಪಿದಳಲ್ಲ! ಕಲಿಸುವವರಿದ್ದಿದ್ದರೆ ತಪ್ಪುತ್ತಿರಲಿಲ್ಲ" ಎಂದ.

ಗುರು ಹೇಳಿದರು: "ತಪ್ಪಿದ ದಿನವೇ ಆಕೆ ರಾಟೆಯನ್ನು ಬಿಚ್ಚಿ ನೋಡಿದಳು, ಹನ್ನೆರಡು ವರ್ಷದಲ್ಲಿ ನಾನು ಕಲಿಸಿದ್ದನ್ನು ನೀನು ಒಂದು ದಿನವಾದರೂ ಬಿಚ್ಚಿ ನೋಡಿದ್ದೀಯಾ?"