ಉಳಿದ ಅರ್ಧ ಗಡ್ಡ

ಕ್ಷೌರಿಕ ಕೊಟ್ರಪ್ಪ ರೈಲ್ವೆ ಗೇಟಿನ ಆಚೆಯವನು. ಸದಾನಂದಯ್ಯನವರದು ಗೇಟಿನ ಈಚೆ ಎರಡು ಮಹಡಿಯ ಮನೆ. ಅಂದು ಬೆಳಿಗ್ಗೆ ಅವರ ಜಗಲಿಯಲ್ಲಿ ಅರ್ಧ ಗಡ್ಡ ಬೋಳಿಸಿದ ಮೇಲೆ, ಗೋಡೆಯ ಮೇಲಿನ ಬಾಡಿಗೆ ಬೋರ್ಡು ನೋಡಿ ಕೊಟ್ರಪ್ಪ ಕೇಳಿದ: "ಯಜಮಾನ್ರೇ, ಆ ಮಹಡಿ ಮನೆ ನಮಗೆ ಕೊಡ್ತೀರಾ? ಮಗಳ ಶಾಲೆ ಈ ಬೀದೀಲೇ ಇದೆ. ದಿನಾ ಹಳಿ ದಾಟಿ ಬರ್ತಾಳೆ. ಮನೆಗೆ ಬರೋವರೆಗೂ ಜೀವ ಕೈಯಲ್ಲಿ ಹಿಡ್ಕೊಂಡಿರ್ತೀವಿ."

ಯಜಮಾನರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ನೀನೇನೋ ಒಳ್ಳೆಯವನೇ ಕಣಯ್ಯ. ಆದರೆ ನಿಮ್ಮವರು ಬಂದು ಸೇರಿದರೆ ಇಡೀ ಬೀದಿಯ ಮನೆಗಳ ಬೆಲೆ ಬಿದ್ದುಹೋಗುತ್ತೆ. ನಿಮಗೆ ಗೇಟಿನ ಆಚೆಯೇ ಸರಿ."

"ಸರಿ ಬಿಡಿ," ಎಂದು ಕೊಟ್ರಪ್ಪ ಕತ್ತಿ ತೊಳೆದು ಪೆಟ್ಟಿಗೆಗೆ ಹಾಕಿಕೊಂಡ.

"ಏಯ್, ಇನ್ನರ್ಧ? ನಮ್ಮ ಮಗಳನ್ನು ನೋಡೋಕೆ ಗಂಡಿನ ಕಡೆಯವರು ಈಗ ಬರ್ತಾರೆ!"

"ನಾನು ಇಲ್ಲಿದ್ದರೆ ಬೀದಿಗೇ ನಷ್ಟ ಅಂದ್ರಲ್ಲ. ಗೇಟಿನ ಆಚೆ ಬನ್ನಿ, ಮುಗಿಸಿಕೊಡ್ತೀನಿ."

ಯಜಮಾನರು ನೊರೆ ಮೆತ್ತಿದ ಕೆನ್ನೆ ಹಿಡಿದುಕೊಂಡು ಮೆಟ್ಟಿಲವರೆಗೂ ಬಂದರು. ದನಿ ಇಳಿದಿತ್ತು. "ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಕೊಟ್ರಪ್ಪ."

ಕೊಟ್ರಪ್ಪ ತಿರುಗಿ ನಿಂತ. "ಗೊತ್ತು ಯಜಮಾನ್ರೇ. ನನ್ನ ಕತ್ತಿಗೆ ಕತ್ತು ಕೊಟ್ಟು ಕಣ್ಣು ಮುಚ್ಚಿ ಕೂರ್ತೀರಿ. ಬೀಗದ ಕೈ ಕೊಡೋಕೆ ಮಾತ್ರ ಹೆದರ್ತೀರಿ."